ತೆಗೀರಿ ಅಂದರೆ ತೆಗೆದೇಬಿಟ್ಟರು

“ಯಜಮಾನ್ರೇ, ಮೊದ್ಲು ಎರಡೂ ಕೈ ಮಡ್ಲಲ್ಲಿ ಇಟ್ಕೊಳ್ಳಿ. ಇಟ್ಕೊಂಡ್ರಾ? ಹಾಂ, ಈಗ ಹೇಳಿ. ಏನ್ ಕಾಣ್ತದೆ?”

ಕೋಲಾರದ ಕ್ಲಾಕ್ ಟವರಿನಿಂದ ಸ್ವಲ್ಪ ಆಚೆ, ಟೈರ್ ಅಂಗಡಿಯೊಂದರ ಮೇಲಿನ ಮಹಡಿ. ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಟೊಮ್ಯಾಟೊ ತುಂಬಿದ ಟೆಂಪೊಗಳು ಮಂಡಿಯ ಕಡೆಗೆ ಹಾರ್ನ್ ಹೊಡೆದುಕೊಂಡು ಹೋಗುತ್ತಿವೆ. ಮಹಡಿಯಲ್ಲಿ ಗೋಡೆಗೆ ಮುಖ ಮಾಡಿದ ಕುರ್ಚಿಯ ಮೇಲೆ, ಸ್ವೆಟರಿಗೆ ಸೆರಗು ಹೊದ್ದು, ಹೂ ಮುಡಿದ ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಆದಿಲಕ್ಷ್ಮಿ ಕೂತಿದ್ದಾರೆ. ಫೋನಿನ ಆ ತುದಿಯಲ್ಲಿರುವವರು ಟೇಕಲ್ ಹತ್ತಿರದ ಒಂದು ಹಾಲಿನ ಸಂಘದ ಕಾರ್ಯದರ್ಶಿ ವೆಂಕಟರಾಯಪ್ಪ. ಅವರ ಹಿಂದೆ ಹಾಲಿನ ಪಾತ್ರೆ ಹಿಡಿದು ನಿಂತವರ ಗಲಾಟೆ ಇಲ್ಲಿಗೂ ಕೇಳಿಸುತ್ತದೆ.

“ಏನ್ ಕಾಣ್ತದಮ್ಮಾ, ನನ್ ತಲೆ! ಕಂಪ್ಯೂಟ್ರು ಪಡ್ಕೊಂಡ್ಬುಟ್ಟೈತೆ.”

ಪಡ್ಕೊಂಡುಬಿಟ್ಟಿದೆ, ಅಂದರೆ ಮಲಗಿಬಿಟ್ಟಿದೆ. ಅತ್ತ ತೆಲುಗೂ ಅಲ್ಲ, ಇತ್ತ ಕನ್ನಡವೂ ಅಲ್ಲದ ಈ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಓಡಾಡುತ್ತದೆ. ಕಂಪ್ಯೂಟರ್ ಮಲಗಿದೆ ಅಂದರೆ ಕರೆಂಟು ಹೋಗಿರಬಹುದು, ಪರದೆ ಕಪ್ಪಾಗಿರಬಹುದು, ಪರದೆಯ ಮೇಲಿನ ಬಾಣ ಅಲ್ಲಾಡದೆ ನಿಂತಿರಬಹುದು. ಮುಳಬಾಗಿಲು ಕಡೆಯ ಒಂದು ಸಂಘದಲ್ಲಿ ಕರುವೊಂದು ವೈರ್ ಎಳೆದು, ಮಾನಿಟರ್ ನಿಜವಾಗಿಯೂ ನೆಲದ ಮೇಲೆ ಅಂಗಾತ ಮಲಗಿತ್ತು. ಫೋನಿನಲ್ಲಿ ಇದು ಯಾವ ಮಲಗುವಿಕೆ ಎಂದು ಕಂಡುಹಿಡಿಯಬೇಕು. ದೇವರಿಗೇ ಪ್ರೀತಿ.

“ಹೆಂಗ್ ಪಡ್ಕೊಂಡೈತೆ ಯಜಮಾನ್ರೇ? ಕರೆಂಟ್ ಹೋದಂಗಾ, ಇಲ್ಲ ಕಣ್ ಬಿಟ್ಕೊಂಡು ಸುಮ್ನೆ ಬಿದ್ದೈತಾ?”

“ಕಣ್ ಬಿಟ್ಟೈತೆ. ಮಾತಾಡಲ್ಲ. ನಾನು ಏನ್ ಒತ್ತಿದ್ರೂ ಊಹೂಂ.”

“ಹಂಗಾದ್ರೆ ಹಿಂದ್ಗಡೆ ಕೈ ಹಾಕ್ಬೇಡಿ, ಬರೀ ಬಗ್ಗಿ ನೋಡಿ. ಗುಂಡಿ ಹಲಗೆಯಿಂದ ಹೋಗೋ ವೈರು ಕಚ್ಕೊಂಡೈತಾ, ಜೋತಾಡ್ತೈತಾ?”

ಕೀಬೋರ್ಡಿನ ವೈರು ಜೋತಾಡುತ್ತಿತ್ತು. ಸಿಕ್ಕಿಸಿದ ಮೇಲೆ ಕಂಪ್ಯೂಟರ್ ಎದ್ದು ಕೂತಿತು, ಸಂಘದಲ್ಲಿ ಸಾಲು ಮುಂದಕ್ಕೆ ಹೋಯಿತು. ಆದಿಲಕ್ಷ್ಮಿ ಹೆಡ್‌ಫೋನ್ ತೆಗೆದು ಕಿವಿ ಉಜ್ಜಿಕೊಳ್ಳುತ್ತಾರೆ. “ನಂಗಂತೂ ಏನೂ ಅರ್ಥ ಆಗಲ್ಲಪ್ಪಾ,” ಅನ್ನುತ್ತಾರೆ. “ಅವ್ರಿಗೂ ಅರ್ಥ ಆಗಲ್ಲ. ಎಂಗೋ ಸರಿಹೋಯ್ತದೆ.”

ಇವತ್ತು ಶನಿವಾರ, ಇವರ ತರಬೇತಿಯ ಕಡೆಯ ದಿನ. ಮಧ್ಯಾಹ್ನದ ಹೊತ್ತಿಗೆ ತೀರ್ಮಾನವಾಗುತ್ತದೆ. ಒಂದೋ ಸೋಮವಾರದಿಂದ ಈ ಕುರ್ಚಿ ಇವರದೇ, ಇಲ್ಲವೋ ವಾಪಸ್ಸು ರೇಷ್ಮೆ ರೀಲಿಂಗ್ ಯೂನಿಟ್ಟಿನ ಬಿಸಿನೀರಿನ ತೊಟ್ಟಿ. ಎರಡನೆಯದೇ ಆಗುವುದೆಂದು ಆಫೀಸಿನಲ್ಲಿ ಎಲ್ಲರೂ ಅಂದುಕೊಂಡಿದ್ದಾರೆ. ಇವರೂ ಹಾಗೇ ಅಂದುಕೊಂಡಿದ್ದಾರೆ. ಕಾರಣ ಸಣ್ಣದಲ್ಲ. ಕಳೆದ ತಿಂಗಳು ಇವರ ಒಂದು ಮಾತಿನಿಂದ ಶುರುವಾಗಿ, ಒಂದು ಊರಿನ ಹೆಂಗಸರು ಹಾಕಿದ ಹಾಲೆಲ್ಲ ಕಂಪ್ಯೂಟರಿನಿಂದ ಮಾಯವಾಗಿಹೋಯಿತು.

ಆದಿಲಕ್ಷ್ಮಿ ಹೋಳೂರು ಕಡೆಯವರು. ಗಂಡ ಅಮರನಾಥ್ ಮನೆಯ ರಾಗಿ ಹೊಲ, ಹಿಪ್ಪುನೇರಳೆ ತೋಟ ನೋಡಿಕೊಳ್ಳುತ್ತಾರೆ. ಇವರು ಮದುವೆಯಾದ ಮೇಲೆ ಕೋಲಾರದ ಒಂದು ರೀಲಿಂಗ್ ಯೂನಿಟ್ಟಿನಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ಕುದಿಯುವ ನೀರಿಗೆ ಬೆರಳು ಅದ್ದಿ ಎಳೆಯ ತುದಿ ಹುಡುಕುವ ಕೆಲಸ. ಬೆರಳ ತುದಿಗಳು ಬೆಂದು ಬೆಂದು ನುಣ್ಣಗಾಗಿವೆ. ನೋವು ಹೇಗೋ ಅಭ್ಯಾಸವಾಗಿತ್ತಂತೆ. ಅಭ್ಯಾಸವಾಗದೆ ಉಳಿದದ್ದು ಬೇರೆ.

“ಆ ಹುಳದ ವಾಸ್ನೆ ಇದೆಯಲ್ಲ, ಏನ್ ಸೋಪ್ ಹಾಕಿದ್ರೂ ಹೋಗ್ತಿರ್ಲಿಲ್ಲ. ನಮ್ ಚಂದನ ಅವಾಗ ಚಿಕ್ಕೋಳು. ನಾನು ಮುದ್ದೆ ಮುರಿದು ಬಾಯಿಗೆ ಇಟ್ರೆ ಮುಖ ತಿರುಗಿಸ್ಬಿಡೋಳು. ಅಜ್ಜಿ ಕೈಯಲ್ಲಿ ತಿನ್ನೋಳು, ಅಪ್ಪನ ಕೈಯಲ್ಲಿ ತಿನ್ನೋಳು, ನನ್ ಕೈಯಲ್ಲಿ ಮಾತ್ರ ಊಹೂಂ. ಎಷ್ಟ್ ಅತ್ತಿದೀನಿ ಗೊತ್ತಾ? ಇಲ್ಲಿಗೆ ಬಂದ್ಮೇಲೆ ತಿಂತಾವಳೆ.” ಈ ಕುರ್ಚಿ ಇವರಿಗೆ ಯಾಕೆ ಬೇಕು ಎಂದು ಇನ್ನೊಮ್ಮೆ ಕೇಳುವ ಅಗತ್ಯವಿಲ್ಲ.

ಬಂದದ್ದು ಒಂದು ಚೀಟಿ ನೋಡಿ. ಬಸ್ ಸ್ಟ್ಯಾಂಡಿನ ಕಂಬಕ್ಕೆ ಅಂಟಿಸಿದ್ದರು: ‘ಕಂಪ್ಯೂಟರ್ ಟೆಕ್ನಿಕಲ್ ಸಪೋರ್ಟ್ ತರಬೇತಿ. ಕನ್ನಡ, ತೆಲುಗು ಎರಡೂ ಮಾತಾಡಬಲ್ಲ ಮಹಿಳೆಯರು ಬೇಕಾಗಿದ್ದಾರೆ.’ ಹಳ್ಳಿಯ ಹಾಲಿನ ಸಂಘಗಳಿಗೆ, ಶಾಲೆಗಳಿಗೆ ಆಗತಾನೆ ಕಂಪ್ಯೂಟರ್ ಬರುತ್ತಿದ್ದ ದಿನಗಳು. ಕೆಟ್ಟಾಗಲೆಲ್ಲ ಬೆಂಗಳೂರಿನಿಂದ ಎಂಜಿನಿಯರ್ ಬರುವುದೆಂದರೆ ಹಾಲು ಒಡೆದುಹೋಗಿರುತ್ತದೆ. ಅದಕ್ಕೇ ಫೋನಿನಲ್ಲೇ ದಾರಿ ಹೇಳಿಕೊಡುವವರನ್ನು ತಯಾರು ಮಾಡಲು ಬೆಂಗಳೂರಿನ ಒಂದು ಚಿಕ್ಕ ಕಂಪನಿ ಇಲ್ಲಿ ಮಹಡಿ ಹಿಡಿದಿತ್ತು.

ಅತ್ತೆ ಗಂಗರತ್ನಮ್ಮ ಚೀಟಿಯ ವಿಷಯ ಕೇಳಿ ಹೌಹಾರಿದರಂತೆ. “ಸಪೋರ್ಟಾ? ಯಾವ ಪಾರ್ಟಿಗೇ? ಪಂಚಾಯ್ತಿ ಎಲೆಕ್ಷನ್ ಮುಗಿದು ಇನ್ನೂ ಊರಲ್ಲಿ ಜಗಳ ಆರಿಲ್ಲ, ನೀನ್ಯಾರಿಗ್ ಸಪೋರ್ಟ್ ಮಾಡಕ್ ಹೋಗ್ತೀಯೇ?” ಸೊಸೆಗೂ ಆಗ ಸರಿಯಾದ ಉತ್ತರ ಗೊತ್ತಿರಲಿಲ್ಲ. ಟೊಮ್ಯಾಟೊ ಗಿಡಕ್ಕೆ ಕೋಲು ಕೊಟ್ಟ ಹಾಗೆ ಇರಬೇಕು ಅತ್ತೆ, ಅಂದರಂತೆ. ನೋಡಿದರೆ ಅಷ್ಟೇನೂ ತಪ್ಪು ಹೇಳಿರಲಿಲ್ಲ.

ಕಲಿಸುವವರು ಸಂಕರ್ಷಣ. ಮುಳಬಾಗಿಲಿನವರು, ತಂದೆ ಪಂಚಾಂಗ ನೋಡುವವರು, ಅಣ್ಣ ಲೆಕ್ಕಪತ್ರ ನೋಡುವವರು, ಇವರ ಪಾಲಿಗೆ ಕಂಪ್ಯೂಟರ್. ಒಳ್ಳೆಯ ಮೇಷ್ಟ್ರು, ಕೋಪ ಬರುವುದಿಲ್ಲ, ಬಂದರೂ ಬಹುವಚನದಲ್ಲೇ ಬರುತ್ತದೆ. ಅವರ ಮೊದಲ ಪಾಠಕ್ಕೆ ಕಂಪ್ಯೂಟರ್ ಬೇಕಿರಲಿಲ್ಲ, ಕುಕ್ಕರ್ ಬೇಕಿತ್ತು. ಇಬ್ಬರನ್ನು ಬೆನ್ನಿಗೆ ಬೆನ್ನು ಮಾಡಿ ಕೂರಿಸುವುದು. ಒಬ್ಬರ ಕೈಯಲ್ಲಿ ಕುಕ್ಕರ್. ಇನ್ನೊಬ್ಬರು ತಿರುಗಿ ನೋಡದೆ, ಬರೀ ಬಾಯಿಮಾತಿನಲ್ಲಿ, ಕುಕ್ಕರ್ ಎಂದರೇನೆಂದೇ ಗೊತ್ತಿಲ್ಲದವರಿಗೆ ಹೇಳಿದ ಹಾಗೆ ಅದರ ಮುಚ್ಚಳ ಹಾಕಿಸಬೇಕು. ಆದಿಲಕ್ಷ್ಮಿ ದಿನವೂ ಮುಚ್ಚಳ ಹಾಕುವವರೇ. ಆದರೂ ಮೊದಲ ದಿನ ಬೆವೆತುಹೋದರು. ಓರೆ ಮಾಡಿ ಒಳಗೆ ಇಡಿ ಅಂದರೆ ಹಿಂದೆ ಕೂತವರು ಕುಕ್ಕರನ್ನೇ ಓರೆ ಮಾಡಿದರು. ಮುಚ್ಚಳದ ಮೇಲೆ ವಿಷಲ್ ಇಡಿಸಲು ಗುಂಡು ಹಾಕಿ ಅಂದರೆ ‘ಯಾರಿಗೆ?’ ಎಂದರು.

ಸಂಕರ್ಷಣರಿಗೆ ಒಂದು ಹಟವಿತ್ತು. ಹಳ್ಳಿಯವರಿಗೆ ಇಂಗ್ಲಿಷ್ ಮಾತಾಡಿ ಹೆದರಿಸಬಾರದು, ಎಲ್ಲವನ್ನೂ ಕನ್ನಡದಲ್ಲೇ ಹೇಳಬೇಕು. ಅದಕ್ಕಾಗಿ ಕೂತು, ಫೋನಿನಲ್ಲಿ ಆಡಬೇಕಾದ ಮಾತುಗಳನ್ನೆಲ್ಲ ಕನ್ನಡ ಮಾಡಿದ್ದರು. ಓಪನ್ ಮಾಡುವುದಕ್ಕೆ ‘ತೆಗೆಯಿರಿ’. ಬೇಡವಾದದ್ದನ್ನು ಅಳಿಸುವುದಕ್ಕೂ, ಯಾಕೋ ಏನೋ, ‘ತೆಗೆಯಿರಿ’. ಬರೆಯುವಾಗ ಎರಡೂ ಸಹಜವಾಗಿಯೇ ಬಂದವು. ಯಾರ ಕಣ್ಣಿಗೂ ಬೀಳಲಿಲ್ಲ. ಓದಿದವರೆಲ್ಲ ತಲೆದೂಗಿದರು.

ಆಮೇಲೆ ಶ್ಯಾಮಲಮ್ಮನವರ ಫೋನ್ ಬಂತು.

ಶ್ಯಾಮಲಮ್ಮ ಮಾಲೂರು ತಾಲ್ಲೂಕಿನ ಲಕ್ಕೂರು ಕಡೆಯ ಒಂದು ಮಹಿಳಾ ಹಾಲಿನ ಸಂಘದ ಕಾರ್ಯದರ್ಶಿ. ಅಚ್ಚುಕಟ್ಟು ಹೆಂಗಸು, ಕಂಪ್ಯೂಟರಿಗೂ ಬೆಳಗ್ಗೆ ಎದ್ದು ಕುಂಕುಮ ಇಡುವವರು. ಅವತ್ತು ಅವರ ಹಾಲಿನ ವಿವರ ಪರದೆಯ ಮೇಲೆ ಬರುತ್ತಿರಲಿಲ್ಲ. ಆ ವಿವರವೆಲ್ಲ ಒಂದು ಹಳದಿ ಪೆಟ್ಟಿಗೆಯ ಚಿತ್ರದ ಒಳಗಿದೆ. ಆದಿಲಕ್ಷ್ಮಿ ಕಲಿತ ಪ್ರಕಾರ ಹೇಳಿದರು:

“ಹಳ್ದಿ ಪೆಟ್ಟಿಗೆ ಕಾಣ್ತದಾ ಅಮ್ಮಾ? ಅದನ್ನ ತೆಗೀರಿ.”

“ತೆಗ್ದೆ.”

“ಈಗ ಏನ್ ಕಾಣ್ತದೆ?”

“ಏನೂ ಇಲ್ಲ.”

“ಏನೂ ಇಲ್ವಾ? ಸರಿಯಾಗಿ ತೆಗೀರಿ ಅಮ್ಮಾ.”

“ಸರಿಯಾಗೇ ತೆಗ್ದಿದೀನಿ ಕಣಮ್ಮಾ! ಇಂಗ್ಲಿಷಲ್ಲಿ ಏನೋ ಕೇಳ್ತು, ಹೂಂ ಅಂದೆ. ಪೆಟ್ಟಿಗೇನೇ ಇಲ್ಲ ಈಗ. ಹೋದ್ ತಿಂಗ್ಳು ನಿಮ್ ಕಡೆಯೋರೇ ಕಲ್ಸಿದ್ರಲ್ಲ, ಬೇಡದ್ದು ಹೆಂಗೆ ತೆಗೀಬೇಕು ಅಂತ. ಹಂಗೇ ತೆಗ್ದೆ.”

ಆದಿಲಕ್ಷ್ಮಿ ಹೆಡ್‌ಫೋನಿನ ಮೈಕಿಗೆ ಕೈ ಅಡ್ಡ ಹಿಡಿದು, ಸಾರ್ ಎಂದು ಕೂಗಿದರು. ಪಕ್ಕದಲ್ಲಿದ್ದ ಸಂಕರ್ಷಣ ವಿಷಯ ತಿಳಿದು, ಗಾಬರಿಪಡಬೇಡಿ ಎಂದು ತಾವೇ ಹೆಡ್‌ಫೋನ್ ತೆಗೆದುಕೊಂಡರು. ಅಳಿಸಿದ್ದೆಲ್ಲ ಮೊದಲು ಕಂಪ್ಯೂಟರಿನೊಳಗಿನ ಕಸದ ಬುಟ್ಟಿಯಲ್ಲಿ ಬಿದ್ದಿರುತ್ತದೆ, ಅಲ್ಲಿಂದ ಹೆಕ್ಕಿಕೊಳ್ಳಬಹುದು. ಅವರು ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು:

“ಅಮ್ಮಾ, ಪರದೆಯ ಮೇಲೆ ಒಂದು ಕಸದ ಬುಟ್ಟಿ ಇದೆ. ದಯವಿಟ್ಟು ಆ ಕಸದ ಬುಟ್ಟಿಯನ್ನು ತೆಗೆಯಿರಿ.”

ಕಂಪ್ಯೂಟರ್ ನಿಧಾನವಾದಾಗ ಕಸ ತೆಗೆಯುವುದನ್ನೂ ಹೋದ ತಿಂಗಳೇ ಕಲಿಸಿದ್ದರು. ಶ್ಯಾಮಲಮ್ಮ ಅಚ್ಚುಕಟ್ಟಾಗಿ ಕಸ ತೆಗೆದರು. ಬುಟ್ಟಿ ಖಾಲಿ. “ತೆಗ್ದೆ ಸ್ವಾಮಿ, ಈಗ ಕ್ಲೀನಾಯ್ತು,” ಅಂದರು.

ಸಂಘದ ಫ್ಲಾಪಿ ಡ್ರೈವ್ ಕೆಟ್ಟು ಬಹಳ ದಿನವಾಗಿತ್ತು, ಬೇರೆ ಪ್ರತಿ ಎಲ್ಲೂ ಇರಲಿಲ್ಲ. ಹದಿನೈದು ದಿನ ಬೆಳಗ್ಗೆ ಸಂಜೆ ಅಷ್ಟೂ ಹೆಂಗಸರು ಕರೆದು ತಂದು ಹಾಕಿದ ಹಾಲು ಎರಡು ‘ತೆಗೆಯಿರಿ’ಗೆ ಹೋಯಿತು. ಸಂಕರ್ಷಣ ಈಗಲೂ ಅದನ್ನು ಮುಚ್ಚಿಡುವುದಿಲ್ಲ. “ಮೊದಲನೆಯದು ಅವರದು, ಎರಡನೆಯದು ನನ್ನದು. ಬರೆದುಕೊಟ್ಟವನೂ ನಾನೇ. ಆದರೆ ಕಂಪನಿಯ ನಿಯಮ ತರಬೇತಿಯವರಿಗೆ ಮಾತ್ರ ಇದೆ: ಅವರ ಕರೆಯಲ್ಲಿ ಮಾಹಿತಿ ಹೋದರೆ ಕೆಲಸ ಖಾಯಂ ಇಲ್ಲ. ಕಲಿಸುವವನಿಗೆ ಏನು ಮಾಡಬೇಕು ಅಂತ ನಿಯಮದಲ್ಲಿ ಬರೆದೇ ಇಲ್ಲ. ನನಗೂ ಗೊಂದಲವಾಗಿದೆ.”

ಆ ರಾತ್ರಿ ಆದಿಲಕ್ಷ್ಮಿಗೆ ಊಟ ಸೇರಲಿಲ್ಲ. ಮಾರನೆಯ ದಿನ ರಜಾ ಹಾಕಿ, ಯಾರಿಗೂ ಹೇಳದೆ, ಮಾಲೂರು ಬಸ್ಸು ಹತ್ತಿ, ಅಲ್ಲಿಂದ ಲಕ್ಕೂರು ಕಡೆಯ ಬಸ್ಸು ಹಿಡಿದು ಶ್ಯಾಮಲಮ್ಮನವರ ಸಂಘದ ಬಾಗಿಲಿಗೆ ಹೋಗಿ ನಿಂತರು. ಕಂಪನಿ ಕಳಿಸಿರಲಿಲ್ಲ. ಹೋಗಿ ಏನು ಮಾಡಬೇಕೆಂದು ಅವರಿಗೂ ಗೊತ್ತಿರಲಿಲ್ಲ.

“ನಾನೇ ಅಮ್ಮಾ ತೆಗೀರಿ ಅಂದೋಳು, ಅಂದೆ. ಆಯಮ್ಮ ನನ್ನ ಮೇಲಿಂದ ಕೆಳಗೆ ನೋಡಿದ್ರು. ಬೈತಾರೆ ಅಂದ್ಕೊಂಡೆ. ‘ಊಟ ಆಯ್ತಾ?’ ಅಂದ್ರು. ಅಲ್ಲೇ ಅಳು ಬಂದ್ಬುಡ್ತು ನಂಗೆ.”

ಬೈಯುವವರು ಆಮೇಲೆ ಬಂದರು. ಸುದ್ದಿ ಹಬ್ಬಿ ಸಂಘದ ಜಗಲಿಯ ಮೇಲೆ ಹೆಂಗಸರು ಜಮಾಯಿಸಿದರು. ಕನ್ನಡದಲ್ಲೂ ಬೈದರು, ಸಾಲದ್ದಕ್ಕೆ ತೆಲುಗಿನಲ್ಲೂ ಬೈದರು. ಬೈದು ಸುಸ್ತಾದ ಮೇಲೆ ಭಾರತಮ್ಮ ಎಂಬ ಹಿರಿಯಾಕೆ, “ಹೋಗಿದ್ದು ಹೋಯ್ತು, ಈಗ ಏನೇ ಮಾಡ್ಬೇಕು?” ಅಂದರು. ಆದಿಲಕ್ಷ್ಮಿ ಕಂಪ್ಯೂಟರಿನ ಮುಂದೆ ಕೂತು, ಹೇಳ್ತಾ ಹೋಗಿ ಅಕ್ಕಾ, ಮತ್ತೆ ಟೈಪ್ ಹೊಡೀತೀನಿ ಅಂದರು.

ಹಾಲು ಹಾಕಿದಾಗ ಕೊಡುವ ಸಣ್ಣ ಚೀಟಿಗಳು ಕೆಲವರ ಅಕ್ಕಿಡಬ್ಬಿಯಲ್ಲಿದ್ದವು, ಕೆಲವರ ದೇವರ ಫೋಟೋ ಹಿಂದಿದ್ದವು, ಕೆಲವರದು ಒಲೆ ಹೊತ್ತಿಸಲು ಹೋಗಿತ್ತು. ಉಳಿದದ್ದು ನೆನಪು. ಆ ನೆನಪೋ, ಅಬ್ಬಬ್ಬಾ! ಒಬ್ಬಾಕೆ ಇಷ್ಟು ಹಾಲು ಎಂದರೆ ಪಕ್ಕದಾಕೆ, “ಅವತ್ತು ಸಂಜೆ ನಿಮ್ ಹಸು ಒದ್ದು ಚೆಂಬು ಬೀಳಿಸ್ಲಿಲ್ವಾ, ಎಲ್ಲಿಂದ ಬಂತೇ ಅಷ್ಟು ಹಾಲು?” ಎಂದು ಹಿಡಿಯುತ್ತಿದ್ದಳು. ನೆಂಟರು ಬಂದ ದಿನ, ಕರು ಹಗ್ಗ ಬಿಚ್ಚಿಕೊಂಡು ಕುಡಿದ ದಿನ, ಗಂಡ ಮನೆಯಲ್ಲಿ ಪಾಯಸ ಕೇಳಿದ ದಿನ, ಎಲ್ಲ ಹೊರಗೆ ಬಂದವು. ಹೊತ್ತು ಇಳಿಯುವವರೆಗೂ ಜಗಳದಲ್ಲೇ ಕೆಲಸ ನಡೆಯಿತು. ಲಾರಿಗೆ ಹೋದ ಕ್ಯಾನುಗಳಿಗೆ ಹೋಲಿಸಿದಾಗ ಹೆಚ್ಚುಕಮ್ಮಿ ಸರಿಹೋಯಿತು. ಸ್ವಲ್ಪ ಹಾಲು ಜಾಸ್ತಿಯೇ ಬಂತು. ಯಾರ ಬಾಯಲ್ಲಿ ಬೆಳೆಯಿತೋ, ಶ್ಯಾಮಲಮ್ಮ ಅದನ್ನು ಕೆದಕಲು ಹೋಗಲಿಲ್ಲ.

ನಡುವೆ ಆದಿಲಕ್ಷ್ಮಿ ತಲೆ ಕೆಡಿಸಿಕೊಂಡು ಕೇಳಿದರು: “ಅಕ್ಕಾ, ತೆಗಿ ಅಂದ್ರೆ ನಿಮ್ಗೆ ಏನು?”

ಕೇಳಬಾರದಿತ್ತು. ಬಾಗಿಲು ತೆಗಿ ಅಂದರೆ ತೆರೆಯುವುದು ಎಂದಳು ಒಬ್ಬಳು. ಕಸ ತೆಗಿ ಅಂದರೆ ಎಸೆಯುವುದು ಎಂದಳು ಇನ್ನೊಬ್ಬಳು. ಫೋಟೋ ತೆಗಿ ಅಂದರೆ ಇಲ್ಲದ್ದು ಬರುತ್ತೆ, ಕಲೆ ತೆಗಿ ಅಂದರೆ ಇದ್ದದ್ದು ಹೋಗುತ್ತೆ. ಮಾರ್ಕ್ಸ್ ತೆಗಿ, ಜಗಳ ತೆಗಿ, ಹಳೇ ಮಾತು ತೆಗಿ. “ನಮ್ಮತ್ತೆ ದಿನಾ ನನ್ ಜೀವ ತೆಗೀತಾಳಲ್ಲ, ಅದ್ಯಾವ ತೆಗಿಯೋದು ಬರ್ಕೊಳ್ಳಮ್ಮಾ,” ಎಂದು ಯಾರೋ ಅಂದು ಜಗಲಿಯೆಲ್ಲ ನಗು. ತೆಲುಗಿನಲ್ಲಾದರೂ ಬಚಾವಾಗಬಹುದೆಂದರೆ ಅಲ್ಲೂ ಅದೇ ಹಾಡು: ತಲುಪು ತೀಯಿ ಅಂದರೆ ಬಾಗಿಲು ತೆರೆ, ಚೆತ್ತ ತೀಯಿ ಅಂದರೆ ಕಸ ಎಸೆ. “ನಂಗೆ ತೆಗಿ ಅಂದ್ರೆ ಬಿಸಿನೀರಲ್ಲಿ ನೂಲು ತೆಗೆಯೋದೇ,” ಅನ್ನುತ್ತಾರೆ ಆದಿಲಕ್ಷ್ಮಿ. “ಒಂದೇ ಮಾತು, ಒಬ್ಬೊಬ್ರಿಗೂ ಒಂದೊಂದು. ಇದ್ರಲ್ಲಿ ನಾನು ಯಾವ್ದು ಅಂತ ಹೇಳ್ಲಿ?”

ಮಹಡಿಗೆ ವಾಪಸು ಬಂದ ಮೇಲೆ ಸಂಕರ್ಷಣ ‘ತೆಗೆಯಿರಿ’ಯನ್ನು ಹೊಡೆದುಹಾಕಿ ‘ತೆರೆಯಿರಿ’ ಎಂದು ಬರೆದರು. ಮೊದಲ ಕರೆಯಲ್ಲೇ ಶ್ರೀನಿವಾಸಪುರ ಕಡೆಯ ಒಬ್ಬರು, “ತೆರೆ ಅಂದ್ರೆ ಈ ಮುಂದ್ಗಡೆ ಗಾಜಾ ಸ್ವಾಮಿ?” ಎಂದು ಕೇಳಿದರು. ಸರಿ, ಹಟ ಬಿಟ್ಟು ಓಪನ್ ಮಾಡಿ ಎಂದೇ ಹೇಳೋಣ ಎಂದಾಯಿತು. ನಮ್ಮ ಟೇಕಲ್‌ನ ವೆಂಕಟರಾಯಪ್ಪ ಓಪನ್ ಮಾಡಿ ಅಂದ ತಕ್ಷಣ ಸ್ಕ್ರೂಡ್ರೈವರ್ ತಂದು ಕಂಪ್ಯೂಟರಿನ ಡಬ್ಬವನ್ನೇ ಬಿಚ್ಚಿಟ್ಟುಕೊಂಡು, “ಓಪನ್ ಆಯ್ತು, ಒಳಗೆ ಬರೀ ಧೂಳೈತೆ, ಮುಂದಕ್ ಹೇಳಿ,” ಅಂದರು. ಸಂಕರ್ಷಣ ತಲೆಯ ಮೇಲೆ ಕೈ ಹೊತ್ತು ಕೂತರು.

ಸರಿಯಾದ ಮಾತು ಸಿಗಲಿಲ್ಲ, ಇವತ್ತಿಗೂ ಸಿಕ್ಕಿಲ್ಲ. ಸಿಕ್ಕಿದ್ದು ಒಂದು ರೂಢಿ ಮಾತ್ರ. ಆದಿಲಕ್ಷ್ಮಿ ಈಗ ಯಾವ ಕರೆ ಬಂದರೂ ಮೊದಲು ಕೈ ಮಡಿಲಲ್ಲಿ ಇಡಿಸುತ್ತಾರೆ. ಏನು ಮಾಡಬೇಕೆಂದು ಹೇಳುತ್ತಾರೆ. ಆಮೇಲೆ, “ಈಗ ನೀವೇನು ಮಾಡ್ತೀರ, ನಂಗೆ ಹೇಳಿ. ಮಾಡ್ಬೇಡಿ, ಬರೀ ಹೇಳಿ,” ಅನ್ನುತ್ತಾರೆ. ಅವರು ಹೇಳಿದ್ದು ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಅನ್ನುತ್ತಾರೆ, ಇನ್ನೊಂದು ಸಲ ಹೇಳಿಸುತ್ತಾರೆ. ಇದರಿಂದ ಒಂದೊಂದು ಕರೆಯೂ ಹನುಮಂತನ ಬಾಲದ ಹಾಗೆ ಬೆಳೆಯುತ್ತದೆ. ಬೆಂಗಳೂರಿನ ಆಫೀಸಿಗೆ ಉದ್ದನೆಯ ಕರೆಗಳೆಂದರೆ ಆಗುವುದಿಲ್ಲ. ಅಳಿಸಿಹೋದ ಹಾಲಿನ ಜೊತೆಗೆ ಇದೂ ಇವರ ತಲೆಗೇ ಬಂತು.

ಶನಿವಾರ ಮಧ್ಯಾಹ್ನ ಅಂದುಕೊಂಡ ಹಾಗೇ ಆಗುತ್ತದೆ. ಬೆಂಗಳೂರಿನ ಫೋನ್ ಮುಗಿಸಿ ಸಂಕರ್ಷಣ ಹೊರಗೆ ಬರುತ್ತಾರೆ. ಮುಖ ನೋಡಿದರೇ ಗೊತ್ತಾಗುತ್ತದೆ.

“ಆದಿಲಕ್ಷ್ಮಿಯವರೇ, ನನ್ನ ತಪ್ಪನ್ನೂ ಹೇಳಿದೆ. ನೀವು ಹೋಗಿ ಸರಿಮಾಡಿ ಬಂದದ್ದನ್ನೂ ಹೇಳಿದೆ. ನಿಯಮ ನಿಯಮವೇ ಅನ್ನುತ್ತಾರೆ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.”

ಆದಿಲಕ್ಷ್ಮಿ ಅಳುವುದಿಲ್ಲ. ಹೆಡ್‌ಫೋನಿನ ವೈರು ಸುತ್ತಿ ಮೇಜಿನ ಮೇಲೆ ಇಡುತ್ತಾರೆ. ಊಟದ ಡಬ್ಬಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. “ಈವಾಗ್ಲೇ ಹೋಗ್ಲಾ ಸಾರ್, ಇಲ್ಲ ಸಾಯಂಕಾಲದವರ್ಗೂ ಇರ್ಲಾ?” ಎಂದು ಕೇಳುತ್ತಾರೆ. ಅಷ್ಟರಲ್ಲಿ ಫೋನ್ ಹೊಡೆದುಕೊಳ್ಳುತ್ತದೆ. ಸಂಕರ್ಷಣರೇ ಸ್ಪೀಕರ್ ಒತ್ತಿ ಮಾತಾಡುತ್ತಾರೆ.

“ನಮಸ್ಕಾರ, ಹೇಳಿ.”

“ನೀವ್ಯಾರು? ಆ ಹುಡ್ಗಿಗೆ ಕೊಡಿ.” ಶ್ಯಾಮಲಮ್ಮನವರ ದನಿ.

“ಅಮ್ಮಾ, ಆಕೆಯ ತರಬೇತಿ ಇಂದಿಗೆ ಮುಗಿಯಿತು. ಏನು ತೊಂದರೆ ಹೇಳಿ, ನಾನು ತಿಳಿಸುತ್ತೇನೆ.”

“ಬ್ಯಾಡ ಸ್ವಾಮಿ. ನೀವು ದೊಡ್ಡೋರು, ಚೆನ್ನಾಗಿ ಹೇಳ್ತೀರ. ಅರ್ಥ ಆಗ್ಲಿಲ್ಲ ಅನ್ನಕ್ಕೆ ನಂಗೆ ನಾಚ್ಕೆ ಆಯ್ತದೆ. ಹೂಂ ಹೂಂ ಅಂತೀನಿ, ಆಮೇಲೆ ಏನೋ ಒಂದು ಹಾಳ್ ಮಾಡ್ತೀನಿ. ಆ ಹುಡ್ಗಿ ಹತ್ರ ಆದ್ರೆ ತಿಳೀಲಿಲ್ಲ ಕಣೇ ಅಂತೀನಿ. ನಂಗೂ ತಿಳೀಲಿಲ್ಲ ಅಮ್ಮಾ, ಇನ್ನೊಂದ್ ಸಲ ನೋಡಾಣ ಇರಿ ಅಂತಾಳೆ ಅವ್ಳು. ಹಾಳ್ ಮಾಡಿದ್ಮೇಲೂ ನಮ್ ಬಾಗ್ಲಿಗೆ ಬಂದೋಳು ಅವ್ಳೊಬ್ಳೇ. ಅವ್ಳಿಲ್ಲ ಅಂದ್ರೆ ಈ ಕಂಪ್ಯೂಟ್ರೂ ಬ್ಯಾಡ, ತಗೊಂಡ್ ಹೋಗ್ರಿ.”

ಸಂಕರ್ಷಣ ಹೆಡ್‌ಫೋನಿನ ಸುತ್ತು ಬಿಚ್ಚಿ ಆದಿಲಕ್ಷ್ಮಿಯ ಕೈಗೆ ಕೊಡುತ್ತಾರೆ. ಅವರು ನಿಂತೇ ಮಾತಾಡುತ್ತಾರೆ, ಚೀಲ ಇನ್ನೂ ಹೆಗಲ ಮೇಲೇ ಇದೆ. ಚೀಟಿ ಹೊಡೆಯುವ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿದೆಯಷ್ಟೆ. ಅಷ್ಟಕ್ಕೇ ಇಬ್ಬರೂ ನಾಲ್ಕಾರು ಸಲ ತಪ್ಪು ತಿಳಿದುಕೊಂಡು, ನಕ್ಕು, ಕೊನೆಗೆ ಬಿಡಿಸುತ್ತಾರೆ. ಇಲ್ಲಿನ ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ. ಸಂಕರ್ಷಣ ಅದನ್ನು ಮೊದಲಿಂದ ಕಡೆಯವರೆಗೆ ಬೆಂಗಳೂರಿಗೆ ಕೇಳಿಸುತ್ತಾರೆ. ಆ ಕಡೆಯಿಂದ ಎರಡೇ ಮಾತು. ಸಂಕರ್ಷಣ ಫೋನ್ ಇಟ್ಟು ಈ ಕಡೆ ತಿರುಗುತ್ತಾರೆ.

“ಇರಿ ಆದಿಲಕ್ಷ್ಮಿಯವರೇ.”

“ಇರಿ ಅಂದ್ರೆ? ಸ್ವಲ್ಪ ಹೊತ್ತು ಇರೋದಾ ಸಾರ್, ಪೂರ್ತಿ ಇರೋದಾ? ಬಿಡ್ಸಿ ಹೇಳಿ.”

“ಪೂರ್ತಿ.”

ಆಗ ಅತ್ತರು. ಚೀಲ ಕೆಳಗಿಟ್ಟು, ಕುರ್ಚಿಯಲ್ಲಿ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಚೆನ್ನಾಗಿ ಅತ್ತರು. ಮನೆಗೆ ಫೋನ್ ಮಾಡಿ ಹೇಳಿದಾಗ ಅತ್ತೆ ಗಂಗರತ್ನಮ್ಮ, “ಗೆದ್ದೇನೇ? ಯಾವ ಪಾರ್ಟಿ ಅಂತ ಈಗ್ಲಾದ್ರೂ ಹೇಳು,” ಅಂದರಂತೆ.

ಸೋಮವಾರ ಬೆಳಗ್ಗೆ ಇವರು ಮತ್ತೆ ಅದೇ ಮಹಡಿಯಲ್ಲಿದ್ದಾರೆ. ಕಂಪ್ಯೂಟರಿನ ಒಳಗೆ ನಿಜಕ್ಕೂ ಏನು ನಡೆಯುತ್ತದೆಂದು ಇನ್ನೂ ಸರಿಯಾಗಿ ತಿಳಿದಿಲ್ಲವಂತೆ. ತಿಳಿಯುವ ಭರವಸೆಯೂ ಅಷ್ಟಾಗಿ ಇಲ್ಲವಂತೆ. ಕೆಲಸ ಖಾಯಂ ಆಯಿತಲ್ಲ, ಇನ್ನೇನು ಆಸೆ ಎಂದು ಕೇಳಿದರೆ ಮೊದಲು ಏನೂ ಇಲ್ಲ ಅನ್ನುತ್ತಾರೆ. ಆಮೇಲೆ ನಾಚಿಕೊಂಡು, ಒಂದಿದೆ ಅನ್ನುತ್ತಾರೆ.

“ಇಲ್ಲಿಗೆ ಫೋನ್ ಮಾಡೋರೆಲ್ಲ ಕೆಟ್ಟೋಯ್ತು, ಪಡ್ಕೊಂಡೈತೆ ಅಂತಾನೇ ಮಾಡೋದು. ಎಲ್ಲಾ ಚೆನ್ನಾಗೈತೆ ಕಣಮ್ಮಾ, ನೀನೆಂಗಿದೀಯ ಅಂತ ಕೇಳಕ್ಕೆ ಯಾರಾದ್ರೂ ಒಬ್ರು ಮಾಡ್ಬೇಕು ಅಂತ.”